ಮೆಟ್ರೊ, ಬಸ್ಸು, ಕಲ್ಯಾಣ ಮಂಟಪಗಳಿಂದ ನೆಗಡಿ–ಫ್ಲೂ ಮನೆಗೆ ಬರದಂತೆ ತಡೆಯುವುದು ಹೇಗೆ?

ಪ್ರಶ್ನೆ: ಕೆಂಗೇರಿಯ ಓದುಗಿ

ಎಲ್ಲ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ನಾನು ವಾರದಲ್ಲಿ ಐದು ದಿನ ಕೆಂಗೇರಿಯಿಂದ ಇಂದಿರಾನಗರದವರೆಗೆ ನೇರಳೆ ಮಾರ್ಗದ ಮೆಟ್ರೊದಲ್ಲಿ ಹೋಗಿ ಬರುವವಳು. ಮನೆಯಿಂದ ನಿಲ್ದಾಣಕ್ಕೆ ಬಸ್ಸು, ಅಲ್ಲಿಂದ ಸುಮಾರು ಮುಕ್ಕಾಲು ಗಂಟೆಯ ರೈಲು. ಬೆಳಗಿನ ಹೊತ್ತು ವಿಜಯನಗರ ದಾಟುವಷ್ಟರಲ್ಲಿ ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಗಲುವಷ್ಟು ಜನ ತುಂಬಿರುತ್ತಾರೆ.

ಮನೆಯಲ್ಲಿ ನನ್ನ ತಂದೆಯವರಿದ್ದಾರೆ. ಅವರಿಗೆ 76 ವರ್ಷ. ಹನ್ನೊಂದು ವರ್ಷಗಳಿಂದ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಯಿದ್ದು, ದಿನಕ್ಕೆ ಎರಡು ಹೊತ್ತು ಇನ್‌ಹೇಲರ್ ತೆಗೆದುಕೊಳ್ಳುತ್ತಾರೆ. ಕಳೆದ ವರ್ಷ ಆಗಸ್ಟ್‌ನಲ್ಲಿ ನನಗೆ ಗಂಟಲು ಕೆರೆತವೂ ಮೈಕೈ ನೋವೂ ಶುರುವಾದವು. ಮಳೆಯಲ್ಲಿ ನೆನೆದದ್ದಕ್ಕೆ ಬಂದ ಶೀತವೆಂದುಕೊಂಡು ಎಂದಿನಂತೆ ಅವರಿಗೆ ಊಟ ಬಡಿಸಿದೆ, ಪಕ್ಕದಲ್ಲಿ ಕುಳಿತು ಟಿ.ವಿ. ನೋಡಿದೆ. ಮೂರನೆಯ ದಿನ ಅವರಿಗೆ ಜ್ವರ ಬಂದಿತು. ಐದನೆಯ ದಿನ ಉಸಿರಾಡಲಾಗದೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ‘ಎ’ ಎಂದು ತಿಳಿಯಿತು. ಒಂಬತ್ತು ದಿನ ಆಮ್ಲಜನಕದ ಮೇಲಿದ್ದು ಮನೆಗೆ ಮರಳಿದರು. ಅವರು ಒಮ್ಮೆಯೂ ನನ್ನನ್ನು ದೂರಲಿಲ್ಲ. ಆದರೆ ಇದನ್ನು ಮನೆಗೆ ಹೊತ್ತು ತಂದವಳು ನಾನು ಎಂಬುದು ಆ ಒಂಬತ್ತು ರಾತ್ರಿಗಳೂ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಈಗ ಮತ್ತೆ ಮಳೆಗಾಲ. ನನ್ನ ಕಚೇರಿಯಲ್ಲಿ ಆಗಲೇ ಮೂವರು ಕೆಮ್ಮುತ್ತಿದ್ದಾರೆ. ನಾನು ಮಾಡುತ್ತಿರುವುದನ್ನೆಲ್ಲ ಹೇಳುತ್ತೇನೆ. ರೈಲಿನಲ್ಲಿ ಕಂಬವನ್ನಾಗಲಿ ಮೇಲಿನ ಹಿಡಿಕೆಯನ್ನಾಗಲಿ ಮುಟ್ಟುವುದಿಲ್ಲ. ಹೋದ ವಾರ ರೈಲು ಬ್ರೇಕ್ ಹಾಕಿದಾಗ ಹಿರಿಯರೊಬ್ಬರ ಮೇಲೆ ಬೀಳುವಂತಾಯಿತು. ದಿನಕ್ಕೆ ಹದಿನೈದು ಇಪ್ಪತ್ತು ಸಲ ಸ್ಯಾನಿಟೈಸರ್ ಹಚ್ಚಿಕೊಂಡು ಬೆರಳ ಸಂದುಗಳ ಚರ್ಮ ಬಿರಿದಿದೆ. ಮನೆಗೆ ಬಂದ ಕೂಡಲೇ ಚೀಲ, ಫೋನು, ಊಟದ ಡಬ್ಬಿ ಎಲ್ಲವನ್ನೂ ಒರೆಸಿ, ಉಟ್ಟ ಬಟ್ಟೆಯನ್ನು ನೆನೆಹಾಕಿ, ಸ್ನಾನ ಮಾಡಿದ ಮೇಲೆಯೇ ಅಪ್ಪನ ಕೋಣೆಗೆ ಹೋಗುತ್ತೇನೆ. ಮಾಸ್ಕ್ ಚೀಲದಲ್ಲಿರುತ್ತದೆ, ಆದರೆ ಇಡೀ ಬೋಗಿಯಲ್ಲಿ ನಾನೊಬ್ಬಳೇ ಹಾಕಿಕೊಂಡು ನಿಂತರೆ ಜನ ನನಗೇ ಕಾಯಿಲೆಯೆಂದು ದೂರ ಸರಿಯುತ್ತಾರೆ, ಹಾಗಾಗಿ ಎರಡು ನಿಲ್ದಾಣ ಕಳೆಯುವುದರೊಳಗೆ ತೆಗೆದುಬಿಡುತ್ತೇನೆ.

ಇಷ್ಟೆಲ್ಲ ಮಾಡಿಯೂ ಇದರಲ್ಲಿ ಯಾವುದು ನಿಜವಾಗಿ ಉಪಯೋಗಕ್ಕೆ ಬರುತ್ತಿದೆ ಎಂಬುದು ನನಗೆ ತಿಳಿಯುತ್ತಿಲ್ಲ. ಕೆಲಸ ಬಿಡುವಂತಿಲ್ಲ. ಇದರ ಜೊತೆಗೆ ಶ್ರಾವಣದಲ್ಲಿ ನನ್ನ ಅಕ್ಕನ ಮಗನ ಮದುವೆಯಿದೆ. ಮೊದಲ ಮೊಮ್ಮಗನ ಮದುವೆಗೆ ಹೋಗದೆ ಇರಲಾರೆ ಎಂದು ಅಪ್ಪ ಹಟ ಹಿಡಿದಿದ್ದಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನಿವೃತ್ತ ಅಧ್ಯಾಪಕ, ಧಾರವಾಡ

ತಂಗಿ, ನಾಳೆಯಿಂದಲೇ ರೈಲಿನ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ನೀವು ಬಿದ್ದು ಕೈ ಮುರಿದುಕೊಂಡರೆ ತಂದೆಯವರನ್ನು ನೋಡಿಕೊಳ್ಳುವವರು ಯಾರು? ಕಂಬದ ಮೇಲಿರುವ ವೈರಾಣು ಅಂಗೈಯ ಚರ್ಮದ ಮೂಲಕ ದೇಹಕ್ಕೆ ಇಳಿಯುವುದಿಲ್ಲ. ಅದು ಒಳಗೆ ಹೋಗುವುದು ಕಣ್ಣು, ಮೂಗು, ಬಾಯಿಗಳಿಂದ. ಅಲ್ಲಿಗೆ ಅದನ್ನು ಒಯ್ಯುವುದು ನಮ್ಮದೇ ಬೆರಳು. ಹಿಡಿದ ಕೈಯನ್ನು ತೊಳೆಯುವವರೆಗೆ ಮುಖಕ್ಕೆ ತಾರದಿದ್ದರೆ ಆ ಕಂಬದಿಂದ ನಿಮಗೆ ಅಪಾಯವಿಲ್ಲ. ಹೇಳುವಷ್ಟು ಇದು ಸುಲಭವಲ್ಲ ಎಂಬುದೂ ನಿಜ. ಸಿಡ್ನಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಪಾಠ ಕೇಳುತ್ತಿರುವಾಗ ಅವರ ಚಲನವಲನವನ್ನು ಚಿತ್ರೀಕರಿಸಿ ಎಣಿಸಿದವರು, ಒಬ್ಬೊಬ್ಬರೂ ಗಂಟೆಗೆ ಸರಾಸರಿ 23 ಸಲ ಮುಖ ಮುಟ್ಟಿಕೊಂಡರೆಂದು 2015ರಲ್ಲಿ ಬರೆದರು. ವೈದ್ಯರಾಗಲಿರುವವರೇ ಹಾಗೆ! ಮಾಸ್ಕಿಗೆ ಈ ಒಂದು ಹೆಚ್ಚಿನ ಉಪಯೋಗವೂ ಇದೆ. ಅರಿವಿಲ್ಲದೆ ಮೂಗಿಗೆ ಹೋಗುವ ಬೆರಳನ್ನು ಅದು ತಡೆಯುತ್ತದೆ.

ನಾನು ಮೂವತ್ತು ವರ್ಷ ಸೂಕ್ಷ್ಮಜೀವಿಶಾಸ್ತ್ರ ಪಾಠ ಹೇಳಿದವನು. ನಿಮ್ಮ ಪಟ್ಟಿಯನ್ನು ನೋಡಿದರೆ ನಿಮ್ಮ ಶ್ರಮದ ಬಹುಪಾಲು ವಸ್ತುಗಳ ಮೇಲೆ ಖರ್ಚಾಗುತ್ತಿದೆ, ಗಾಳಿಯ ಮೇಲೆ ಏನೂ ಖರ್ಚಾಗುತ್ತಿಲ್ಲ. ಇದು ತಿರುಗುಮುರುಗಾಗಬೇಕು. ಏಕೆಂದು ಹೇಳಲು ನಾನು ತರಗತಿಯಲ್ಲಿ ಪ್ರತಿವರ್ಷ ಹೇಳುತ್ತಿದ್ದ ಒಂದು ಪ್ರಯೋಗವನ್ನು ಇಲ್ಲಿಯೂ ಹೇಳುತ್ತೇನೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ನೆಗಡಿಯಿದ್ದವರನ್ನೂ ಆರೋಗ್ಯವಂತರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಹನ್ನೆರಡು ಗಂಟೆ ಇಸ್ಪೀಟು ಆಡಿಸಿದರು. ಆರೋಗ್ಯವಂತರಲ್ಲಿ ಅರ್ಧದಷ್ಟು ಜನರಿಗೆ, ಕೈ ಮುಖಕ್ಕೆ ತಾಗಲಾರದಂತೆ ತೋಳಿಗೋ ಕೊರಳಿಗೋ ಪಟ್ಟಿ ಕಟ್ಟಿದ್ದರು. ಕೈಯಿಂದಲೇ ನೆಗಡಿ ಹರಡುವುದಾದರೆ ಅವರೆಲ್ಲ ಪಾರಾಗಬೇಕಿತ್ತು. ಹಾಗಾಗಲಿಲ್ಲ. ಕಟ್ಟದೆ ಬಿಟ್ಟ 18 ಮಂದಿಯಲ್ಲಿ 12 ಜನರಿಗೆ ಸೋಂಕು ತಗಲಿತು, ಕಟ್ಟಿದ್ದ 18 ಮಂದಿಯಲ್ಲಿ 10 ಜನರಿಗೆ ತಗಲಿತು. ಬಳಿಕ ರೋಗಿಗಳು ಆಡಿ ಸಿಂಬಳದಿಂದ ಅಂಟಂಟಾಗಿದ್ದ ಎಲೆಗಳನ್ನು ಬೇರೊಂದು ಕೋಣೆಗೆ ಒಯ್ದು, ಅಲ್ಲಿದ್ದ 12 ಆರೋಗ್ಯವಂತರಿಂದ ಆಡಿಸಿ, ಬೇಕೆಂದೇ ಮುಖ ಮುಟ್ಟಿಕೊಳ್ಳಿ ಎಂದರು. ಅವರಲ್ಲಿ ಒಬ್ಬರಿಗೂ ಸೋಂಕು ಬರಲಿಲ್ಲ. 1987ರ ಈ ವರದಿಯನ್ನು ಓದಿದ ಮೇಲೆ ನಾನು ತರಗತಿಯ ಕಿಟಕಿಗಳನ್ನು ಮುಚ್ಚಲು ಬಿಟ್ಟವನಲ್ಲ.

ಹಾಗೆಂದು ಕೈ ತೊಳೆಯುವುದು ವ್ಯರ್ಥವೆಂದು ತಿಳಿಯಬಾರದು. ಅದೇ ನೆಗಡಿಯ ವೈರಾಣು ಒಬ್ಬರ ಕೈಯಿಂದ ಇನ್ನೊಬ್ಬರ ಬೆರಳಿಗೂ ಅಲ್ಲಿಂದ ಕಣ್ಣು–ಮೂಗಿಗೂ ದಾಟಬಲ್ಲದೆಂಬುದನ್ನು ವರ್ಜೀನಿಯಾ ವಿಶ್ವವಿದ್ಯಾಲಯದವರು 1970ರ ದಶಕದಲ್ಲಿಯೇ ತೋರಿಸಿದ್ದರು. ಫ್ಲೂ ವೈರಾಣು ಉಕ್ಕು ಮತ್ತು ಪ್ಲಾಸ್ಟಿಕ್ಕಿನ ಮೇಲೆ 24ರಿಂದ 48 ಗಂಟೆ, ಬಟ್ಟೆ ಮತ್ತು ಕಾಗದದ ಮೇಲೆ 8ರಿಂದ 12 ಗಂಟೆಯವರೆಗೆ ಬದುಕಬಲ್ಲದೆಂದು ಒಂದು ಅಧ್ಯಯನ ತೋರಿಸಿತು. ಆದರೆ ಅದೇ ಅಧ್ಯಯನದಲ್ಲಿ, ಕೈಗೆ ಅಂಟಿದ ಮೇಲೆ ಅದು ಐದು ನಿಮಿಷದಷ್ಟೇ ಉಳಿಯಿತೆಂಬುದನ್ನೂ ಗಮನಿಸಬೇಕು. ಆದ್ದರಿಂದ ದಿನಕ್ಕೆ ಇಪ್ಪತ್ತು ಸಲ ಸ್ಯಾನಿಟೈಸರ್ ಹಚ್ಚುವುದಕ್ಕಿಂತ ಸರಿಯಾದ ಹೊತ್ತಿನಲ್ಲಿ ಐದಾರು ಸಲ ಸೋಪಿನಿಂದ ತೊಳೆಯುವುದು ಮೇಲು: ಕಚೇರಿ ತಲುಪಿದಾಗ, ತಿನ್ನುವ ಮೊದಲು, ಮೂಗು ಸೀನಿದ ಮೇಲೆ, ಮನೆಗೆ ಬಂದಾಗ, ತಂದೆಯವರ ಔಷಧ ಮುಟ್ಟುವ ಮೊದಲು. ಇಪ್ಪತ್ತು ಸೆಕೆಂಡಾದರೂ ಬೆರಳ ಸಂದು, ಹೆಬ್ಬೆರಳು, ಉಗುರಿನ ಅಡಿಯನ್ನು ಉಜ್ಜಬೇಕು. ನೀರು ಸಿಗದ ಕಡೆ ನೂರಕ್ಕೆ 60ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಆಗುತ್ತದೆ. ಕೈಯಲ್ಲಿ ಹಸಿ ಸಿಂಬಳವೋ ಕೊಳೆಯೋ ಇದ್ದರೆ ಸ್ಯಾನಿಟೈಸರ್ ಒಳಗಿಳಿಯುವುದು ನಿಧಾನ, ಆಗ ಸೋಪೇ ಬೇಕು. ಬಿರಿದ ಚರ್ಮಕ್ಕೆ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ಡಬ್ಬಿ, ಚೀಲ ಒರೆಸುವುದನ್ನೂ ಪ್ರತಿದಿನ ಬಟ್ಟೆ ನೆನೆಹಾಕುವುದನ್ನೂ ನಿಲ್ಲಿಸಬಹುದು. ಫೋನನ್ನು ಮಾತ್ರ ಒರೆಸಿ, ಏಕೆಂದರೆ ಅದು ಕೈಯಿಂದ ನೇರವಾಗಿ ಕೆನ್ನೆಗೆ ಹೋಗುತ್ತದೆ.

ಇನ್ನು ಗಾಳಿಯ ಮಾತು. ದೇವರ ಮನೆಯಲ್ಲಿ ಹಚ್ಚಿದ ಊದುಬತ್ತಿಯ ಹೊಗೆ ಕಿಟಕಿ ಮುಚ್ಚಿದ್ದರೆ ನಡುಮನೆಯಲ್ಲೆಲ್ಲ ಗಂಟೆಗಟ್ಟಲೆ ನಿಲ್ಲುತ್ತದೆ, ತೆರೆದಿದ್ದರೆ ಕ್ಷಣದಲ್ಲಿ ಕರಗುತ್ತದೆ. ಫ್ಲೂ ಇರುವವರ ಉಸಿರಿನಿಂದ ಬರುವ ಅತಿಸಣ್ಣ ಕಣಗಳೂ ಹೀಗೆಯೇ. ಅವರು ಕೆಮ್ಮಲೇಬೇಕೆಂದಿಲ್ಲ, ಸುಮ್ಮನೆ ಉಸಿರಾಡಿದರೂ ಜೀವಂತ ವೈರಾಣು ಹೊರಬರುತ್ತದೆಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದರು. ಗಾಳಿಯಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1977ರಲ್ಲಿ ಅಲಾಸ್ಕಾದಲ್ಲಿ ನಡೆದ ಘಟನೆಯೊಂದು ಸಾಕು. 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ಮೂರು ಗಂಟೆ ನೆಲದ ಮೇಲೆಯೇ ನಿಂತಿತು. ಗಾಳಿಯಾಡಿಸುವ ವ್ಯವಸ್ಥೆ ನಿಂತಿತ್ತು, ಹೆಚ್ಚಿನವರು ಒಳಗೇ ಕುಳಿತಿದ್ದರು, ಅವರಲ್ಲೊಬ್ಬರಿಗೆ ಫ್ಲೂ ಇತ್ತು. ಮೂರು ದಿನಗಳೊಳಗೆ ಪ್ರಯಾಣಿಕರಲ್ಲಿ ನೂರಕ್ಕೆ 72ರಷ್ಟು ಜನ ಕಾಯಿಲೆ ಬಿದ್ದರು. ಮೆಟ್ರೊ ಬೋಗಿ ಅಷ್ಟು ಕೆಟ್ಟದ್ದಲ್ಲ. ಪ್ರತಿ ನಿಲ್ದಾಣದಲ್ಲಿ ಬಾಗಿಲು ತೆರೆಯುತ್ತದೆ. ಆದರೆ ಅದರ ಕಿಟಕಿ ನಿಮ್ಮ ಕೈಯಲ್ಲಿಲ್ಲ. ನಿಮ್ಮ ಕೈಯಲ್ಲಿರುವುದು ಚೀಲದೊಳಗಿನ ಆ ಮಾಸ್ಕ್. ಮೂಗಿನ ಮೇಲಿನ ತಂತಿಯನ್ನು ಒತ್ತಿ, ಅಂಚುಗಳಿಂದ ಗಾಳಿ ನುಸುಳದಂತೆ ಕೂರುವ ಎನ್-95 ಮಾಸ್ಕನ್ನು ಆ ಮುಕ್ಕಾಲು ಗಂಟೆ ಬಿಡದೆ ಹಾಕಿಕೊಳ್ಳಿ. ಕನ್ನಡಕ ಮಬ್ಬಾಗುತ್ತಿದ್ದರೆ ಅದು ಸರಿಯಾಗಿ ಕುಳಿತಿಲ್ಲವೆಂದರ್ಥ. ಬೇರೆ ಯಾರೂ ಹಾಕಿಕೊಳ್ಳದಿದ್ದರೂ ಹಾಕಿಕೊಂಡವರಿಗೆ ಅದು ಕೆಲಸ ಮಾಡುತ್ತದೆ. ಜನ ದೂರ ಸರಿದರೆ ಸರಿಯಲಿ, ಅದರಿಂದ ನಿಮಗೆ ಒಳ್ಳೆಯದೇ.

ಉತ್ತರ: ನಗರ ಸಾರಿಗೆ ಬಸ್ಸಿನ ನಿರ್ವಾಹಕ

ಮೇಡಂ, ನಾನು ಬೆಂಗಳೂರಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಬಸ್ಸಿನಲ್ಲಿ ನಿರ್ವಾಹಕನಾಗಿ ಕೆಲಸ ಮಾಡುತ್ತಿದ್ದೇನೆ. ಮೇಷ್ಟ್ರು ಹೇಳಿದ ಕಿಟಕಿಯ ಮಾತಿಗೆ ನನ್ನ ಅನುಭವವನ್ನು ಸೇರಿಸುತ್ತೇನೆ.

ಮಳೆ ಬಂದ ಕೂಡಲೇ ಬಸ್ಸಿನ ಎಲ್ಲ ಕಿಟಕಿಗಳೂ ಮುಚ್ಚಿಕೊಳ್ಳುತ್ತವೆ, ಅದೇ ಹೊತ್ತಿಗೆ ಬಸ್ಸು ತುಂಬುತ್ತದೆ. ಗಾಜಿನ ಮೇಲೆಲ್ಲ ಉಸಿರಿನ ಹಬೆ ಕಟ್ಟಿ ನೀರಾಗಿ ಇಳಿಯುವುದನ್ನು ನೀವೂ ನೋಡಿರಬಹುದು. ಒಳಗಿರುವ ಅರುವತ್ತು ಎಪ್ಪತ್ತು ಜನರೂ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ತೆಗೆದುಕೊಳ್ಳುತ್ತಿದ್ದಾರೆ ಎಂಬುದಕ್ಕೆ ಆ ನೀರೇ ಸಾಕ್ಷಿ. ನಾನು ಚಾಲಕರ ಹಿಂದಿನ ಒಂದು ಕಿಟಕಿಯನ್ನೂ ಎದುರು ಸಾಲಿನಲ್ಲಿ ಹಿಂದಿನ ಒಂದು ಕಿಟಕಿಯನ್ನೂ ನಾಲ್ಕು ಬೆರಳಷ್ಟು ತೆರೆದಿಡುತ್ತೇನೆ. ಬಸ್ಸು ಓಡುವಾಗ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ಸ್ವಲ್ಪ ಎರಚಲು ಬಡಿಯುತ್ತದೆಂದು ಕೆಲವರು ಆಕ್ಷೇಪಿಸುತ್ತಾರೆ. ಹೀಗೆಂದು ವಿವರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ನೀವು ಪ್ರಯಾಣಿಸುವ ಬಸ್ಸಿನಲ್ಲಿಯೂ ನಿರ್ವಾಹಕರನ್ನು ಕೇಳಿ ನೋಡಿ, ಇಲ್ಲವೆನ್ನಲಾರರು. ಸಾಧ್ಯವಾದರೆ ತೆರೆದ ಕಿಟಕಿಯ ಪಕ್ಕದಲ್ಲಿ ಕುಳಿತುಕೊಳ್ಳಿ.

ಇನ್ನೊಂದು ವಿಷಯವನ್ನು ನಮ್ಮ ವೃತ್ತಿಯವರ ಪರವಾಗಿಯೇ ಹೇಳಬೇಕು. ಬೆರಳಿಗೆ ಎಂಜಲು ಹಚ್ಚಿ ಟಿಕೆಟ್ ಹರಿಯುವುದು, ನೋಟು ಎಣಿಸುವುದು ನಮ್ಮಲ್ಲಿ ಬಹಳ ಕಾಲದ ಅಭ್ಯಾಸ. ನಾನೂ ಹಾಗೆ ಮಾಡುತ್ತಿದ್ದೆ. ದಿನಕ್ಕೆ ಎಂಟುನೂರು ಜನರ ಕೈಯ ನೋಟು ಮುಟ್ಟಿದ ಬೆರಳನ್ನೇ ಮತ್ತೆ ಬಾಯಿಗಿಡುತ್ತಿದ್ದೇನೆ, ನನ್ನ ಎಂಜಲನ್ನೇ ಎಂಟುನೂರು ಜನರಿಗೆ ಹಂಚುತ್ತಿದ್ದೇನೆ ಎಂಬುದು ಒಂದು ದಿನ ಇದ್ದಕ್ಕಿದ್ದಂತೆ ಮನಸ್ಸಿಗೆ ಹೊಳೆಯಿತು. ಬ್ಯಾಂಕಿನವರು ಇಟ್ಟುಕೊಳ್ಳುವಂಥ ಒದ್ದೆ ಸ್ಪಂಜಿನ ಪುಟ್ಟ ಡಬ್ಬಿಯನ್ನು ಅಂದಿನಿಂದ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಈಗ ಟಿಕೆಟ್ ಯಂತ್ರವೂ ಫೋನಿನಿಂದ ಹಣ ಕೊಡುವ ಅನುಕೂಲವೂ ಬಂದು ಆ ಕಷ್ಟ ಕಡಿಮೆಯಾಗಿದೆ. ಆದರೆ ಮಾರ್ಗದ ಕೊನೆಯಲ್ಲಿ ಊಟಕ್ಕೆ ಕೂರುವಾಗ ಎಲ್ಲ ಕಡೆಯೂ ನಲ್ಲಿಯ ಬಳಿ ಸೋಪು ಇರುವುದಿಲ್ಲ. ನಾನು ಖಾಲಿ ಔಷಧದ ಸೀಸೆಯಲ್ಲಿ ದ್ರವ ಸೋಪು ತುಂಬಿಕೊಂಡು ಹೋಗುತ್ತೇನೆ. ನೀವೂ ಹಾಗೆ ಮಾಡಿದರೆ ಸ್ಯಾನಿಟೈಸರ್ ಖರ್ಚೂ ಉಳಿಯುತ್ತದೆ, ಕೈಯ ಚರ್ಮವೂ ಉಳಿಯುತ್ತದೆ.

ಕೆಮ್ಮುವವರು ಹತ್ತಿದರೆ ನಾನು ಬೈಯುವುದಿಲ್ಲ. ಅವರು ಬೇಕೆಂದು ಕೆಮ್ಮುವುದಿಲ್ಲ. ಕಿಟಕಿಯ ಬಳಿ ಜಾಗ ಮಾಡಿಕೊಟ್ಟು, ಕರವಸ್ತ್ರವನ್ನೋ ಸೆರಗನ್ನೋ ಅಡ್ಡ ಹಿಡಿಯಿರಿ, ಅಂಗೈ ಅಡ್ಡ ಹಿಡಿದರೆ ಅದೇ ಕೈಯಿಂದ ಕಂಬ ಹಿಡಿಯುತ್ತೀರಿ ಎಂದು ಹೇಳುತ್ತೇನೆ.

ಉತ್ತರ: ತೀರ್ಥಹಳ್ಳಿ ಕಡೆಯ ಶಿಕ್ಷಕಿ

ನಿರ್ವಾಹಕರು ಎಂಜಲಿನ ಮಾತು ತೆಗೆದದ್ದು ಬಹಳ ಒಳ್ಳೆಯದಾಯಿತು. ನಮ್ಮ ಹಿರಿಯರು ಚೊಂಬಿಗೆ ತುಟಿ ತಾಗಿಸದೆ ಎತ್ತಿ ಕುಡಿಯುತ್ತಿದ್ದರು, ಒಬ್ಬರು ಕಚ್ಚಿದ್ದನ್ನು ಇನ್ನೊಬ್ಬರು ತಿನ್ನುತ್ತಿರಲಿಲ್ಲ, ಹೊರಗಿನಿಂದ ಬಂದವರು ಕೈಕಾಲು ತೊಳೆಯದೆ ಒಳಗೆ ಬರುತ್ತಿರಲಿಲ್ಲ. ಆ ಕಟ್ಟಳೆಗಳ ಜೊತೆಗೆ ಮನುಷ್ಯರನ್ನು ದೂರವಿಡುವ ಕೆಟ್ಟ ಪದ್ಧತಿಗಳೂ ಸೇರಿಕೊಂಡಿದ್ದವು, ಅವು ಹೋಗಬೇಕಾದವೇ. ಆದರೆ ಅವುಗಳ ಜೊತೆಯಲ್ಲಿಯೇ ಎತ್ತಿ ಕುಡಿಯುವ ಅಭ್ಯಾಸವೂ ಹೊರಟುಹೋಯಿತು. ನನ್ನ ತರಗತಿಯಲ್ಲಿ ಒಂದು ನೀರಿನ ಬಾಟಲಿ ಐದು ಮಕ್ಕಳ ಬಾಯಿಗೆ ಹೋಗುತ್ತಿತ್ತು. ಈಗ ಯಾರದೇ ಬಾಟಲಿಯಾದರೂ ಎತ್ತಿ ಕುಡಿಯಬೇಕೆಂಬುದನ್ನು ಆಟದಂತೆ ಕಲಿಸಿದ್ದೇನೆ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿಡಿದ ಮಳೆ ಬಿಡುವುದಿಲ್ಲ. ಇರಚಲು ಹೊಡೆಯುತ್ತದೆಂದು ಬಾಗಿಲು, ಕಿಟಕಿ ಮುಚ್ಚಿದರೆ ತರಗತಿಯಲ್ಲಿ ಒಬ್ಬನಿಗೆ ಬಂದ ಶೀತ ವಾರದಲ್ಲಿ ಎಲ್ಲರಿಗೂ ಬರುತ್ತದೆ. ಮಳೆಯಲ್ಲಿ ನೆನೆದದ್ದರಿಂದಲೇ ಶೀತ ಎಂದು ತಾಯಂದಿರು ಹೇಳುತ್ತಾರೆ. ಶೀತಕ್ಕೆ ವೈರಾಣು ಬೇಕೇ ಬೇಕು. ಮಳೆ ಮಾಡುವುದು ನಮ್ಮನ್ನೆಲ್ಲ ಒಂದೇ ಸೂರಿನಡಿ ಮುಚ್ಚಿದ ಬಾಗಿಲೊಳಗೆ ಕೂಡಿಹಾಕುವುದನ್ನು. ನಾವು ಗಾಳಿ ಬೀಸದ ಬದಿಯ ಕಿಟಕಿಗಳನ್ನು ಮಳೆಯಲ್ಲಿಯೂ ತೆರೆದಿಡುತ್ತೇವೆ, ಪಾಠದ ನಡುವೆ ಐದು ನಿಮಿಷ ಮಕ್ಕಳನ್ನು ಜಗಲಿಗೆ ಕಳುಹಿಸಿ ಎರಡೂ ಬಾಗಿಲು ತೆರೆಯುತ್ತೇವೆ. ಬಿಸಿಯೂಟಕ್ಕೆ ಮೊದಲು ಕೈ ತೊಳೆಯಲು ಸೋಪಿನ ತುಂಡುಗಳನ್ನು ಬಲೆಯ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿದ್ದೇವೆ. ಸೋಪು ಚರಂಡಿಗೆ ಬೀಳುವುದಿಲ್ಲ, ಒದ್ದೆಯಾಗಿ ಕರಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಬೇರೆಯೇ. ವರ್ಷವಿಡೀ ಒಂದು ದಿನವೂ ತಪ್ಪಿಸದ ಮಗುವಿಗೆ ಕೊಡುತ್ತಿದ್ದ ಪೂರ್ಣ ಹಾಜರಾತಿಯ ಬಹುಮಾನವನ್ನು ನಿಲ್ಲಿಸಿದೆವು. ಜ್ವರವಿದ್ದರೂ ಮಾತ್ರೆ ನುಂಗಿಸಿ ಮಕ್ಕಳನ್ನು ಕಳುಹಿಸುವುದಕ್ಕೆ ಆ ಬಹುಮಾನವೇ ಕಾರಣವಾಗುತ್ತಿತ್ತು. ನಿಮ್ಮ ಕಚೇರಿಯಲ್ಲಿ ಕೆಮ್ಮುತ್ತಿರುವ ಆ ಮೂವರೂ ರಜೆ ಸಿಗದ ಭಯದಿಂದಲೇ ಬಂದಿರಬಹುದು. ಅದರ ಬಗ್ಗೆ ಮೇಲಿನವರೊಡನೆ ಮಾತನಾಡಿ ನೋಡಿ. ನಿಮ್ಮ ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂಬುದನ್ನು ನೀವು ಹೇಳಲಿಲ್ಲ.

ಪ್ರಶ್ನೆ ಕೇಳಿದವರಿಂದ: ಕೆಂಗೇರಿಯ ಓದುಗಿ

ಮೂವರಿಗೂ ಮನಸಾರೆ ವಂದನೆಗಳು. ಇಂದು ಬೆಳಿಗ್ಗೆ ಕಂಬ ಹಿಡಿದು ನಿಂತೆ, ಇಂದಿರಾನಗರದವರೆಗೂ ಮಾಸ್ಕ್ ತೆಗೆಯಲಿಲ್ಲ. ಮೇಡಂ ಕೇಳಿದ ಪ್ರಶ್ನೆಯಿಂದ ಎದೆ ಝಲ್ಲೆಂದಿತು. ನನಗೆ ಎರಡನೆಯ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಶಾಲೆಯಿಂದ ಬಂದ ಕೂಡಲೇ ತಾತನ ಹಾಸಿಗೆಯ ಮೇಲೆ ಕುಳಿತು ಅವರ ತಟ್ಟೆಯಿಂದಲೇ ತಿನ್ನುತ್ತಾಳೆ. ಕಳೆದ ವರ್ಷ ನನಗಿಂತ ಎರಡು ದಿನ ಮೊದಲು ಅವಳಿಗೂ ಮೂಗು ಸೋರುತ್ತಿತ್ತು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಪ್ಪನಿಂದ ಅವಳನ್ನು ದೂರವಿಡಬೇಕೇ? ಅದು ಇಬ್ಬರಿಗೂ ಆಗದ ಮಾತು. ಮದುವೆಯ ವಿಷಯವನ್ನೂ ಯಾರಾದರೂ ಹೇಳಿದರೆ ಉಪಕಾರವಾಗುತ್ತದೆ. ಇನ್ನು ಐದು ವಾರವಿದೆ.

ಉತ್ತರ: ಮೈಸೂರಿನ ವೈದ್ಯೆ

ಮೊದಲನೆಯದಾಗಿ, ತಂದೆಯವರ ಕಾಯಿಲೆಯ ಹೊಣೆಯನ್ನು ನಿಮ್ಮ ಮೇಲಾಗಲಿ ಆ ಮಗುವಿನ ಮೇಲಾಗಲಿ ಹೊರಿಸಬೇಡಿ. ಫ್ಲೂ ಇರುವವರು ಲಕ್ಷಣ ಕಾಣಿಸುವ ಒಂದು ದಿನ ಮೊದಲೇ ಅದನ್ನು ಹರಡಲು ಶುರುಮಾಡುತ್ತಾರೆ, ಬಳಿಕ ಐದರಿಂದ ಏಳು ದಿನ ಹರಡುತ್ತಿರುತ್ತಾರೆ. ಮಕ್ಕಳು ಇನ್ನೂ ಹೆಚ್ಚು ದಿನ. ಗೊತ್ತಾಗುವ ಮೊದಲೇ ದಾಟಿರುವುದನ್ನು ಎಷ್ಟು ಎಚ್ಚರದಿಂದಿದ್ದರೂ ಪೂರ್ತಿ ತಡೆಯಲಾಗುವುದಿಲ್ಲ. ಹಾಗಾಗಿಯೇ ನಾನು ಲಸಿಕೆಯ ಬಗ್ಗೆ ಒತ್ತಿ ಹೇಳಬೇಕಾಗಿದೆ. ಇಷ್ಟು ಉತ್ತರಗಳಲ್ಲಿ ಅದರ ಹೆಸರೇ ಬಾರದಿದ್ದುದು ನನಗೆ ಚಿಂತೆಯ ವಿಷಯವಾಗಿ ಕಂಡಿತು.

ಫ್ಲೂ ಲಸಿಕೆಯನ್ನು ಪ್ರತಿವರ್ಷವೂ ಹಾಕಿಸಿಕೊಳ್ಳಬೇಕು, ಏಕೆಂದರೆ ವೈರಾಣು ರೂಪ ಬದಲಿಸುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿಯಲ್ಲಿ ಉತ್ತರಾರ್ಧ ಗೋಳಕ್ಕೂ ಸೆಪ್ಟೆಂಬರ್‌ನಲ್ಲಿ ದಕ್ಷಿಣಾರ್ಧ ಗೋಳಕ್ಕೂ, ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಶಿಫಾರಸು ಮಾಡುತ್ತದೆ. ನಮ್ಮ ದೇಶದಲ್ಲಿ ಫ್ಲೂ ಎರಡು ಸಲ ಏರುತ್ತದೆ: ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಫ್ಲೂನಿಂದ ದೇಶದಲ್ಲಿ ಮೊದಲು ವರದಿಯಾದ ಸಾವುಗಳಲ್ಲಿ ಒಂದು ನಮ್ಮ ಹಾಸನ ಜಿಲ್ಲೆಯ ಹಿರಿಯರೊಬ್ಬರದು. ಮಳೆಗಾಲಕ್ಕೆ ಮೊದಲೇ ಲಸಿಕೆ ಹಾಕಿಸಿದ್ದರೆ ಚೆನ್ನಾಗಿತ್ತು. ಈಗಲೂ ತಡವಾಗಿಲ್ಲ. ರಕ್ಷಣೆ ಬರಲು ಎರಡು ವಾರ ಬೇಕು, ನಿಮಗೆ ಐದು ವಾರವಿದೆ. ತಂದೆಯವರ ವೈದ್ಯರನ್ನು ಈ ವಾರವೇ ಕಂಡು, ತಳಿಗಳ ಪಟ್ಟಿ ಹೊಸದಾಗಿರುವ ಲಸಿಕೆಯನ್ನೇ ಕೇಳಿ. ಅವರಿಗಷ್ಟೇ ಅಲ್ಲ, ನಿಮಗೂ ಮಗಳಿಗೂ ಹಾಕಿಸಿ. ವಯಸ್ಸಾದ ದೇಹ ಲಸಿಕೆಗೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಸುತ್ತಲಿನವರು ಹಾಕಿಸಿಕೊಳ್ಳುವುದು ಅವರ ಸುತ್ತ ಕಟ್ಟಿದ ಬೇಲಿಯಿದ್ದಂತೆ. ತಳಿ ಚೆನ್ನಾಗಿ ಹೊಂದಿಕೊಂಡ ವರ್ಷಗಳಲ್ಲಿಯೂ ಲಸಿಕೆ ಕಾಯಿಲೆಯ ಸಾಧ್ಯತೆಯನ್ನು ನೂರಕ್ಕೆ 40ರಿಂದ 60ರಷ್ಟು ಮಾತ್ರ ತಗ್ಗಿಸುತ್ತದೆ. ಆದರೆ ಆಸ್ಪತ್ರೆ ಸೇರುವ ಮಟ್ಟಕ್ಕೆ ಹೋಗದಂತೆ ತಡೆಯುವ ಅದರ ಗುಣವೇ ಸಿಒಪಿಡಿ ಇರುವವರಿಗೆ ಮುಖ್ಯ. ನ್ಯುಮೋನಿಯಾ ತಡೆಯಲು ಕೊಡುವ ನ್ಯೂಮೊಕಾಕಲ್ ಲಸಿಕೆ ಆಗಿದೆಯೇ ಎಂಬುದನ್ನೂ ವಿಚಾರಿಸಿ. ಫ್ಲೂ ಬಂದುಹೋದ ಬೆನ್ನಿಗೆ ಬರುವ ನ್ಯುಮೋನಿಯಾದಿಂದಲೇ ನಾನು ಹೆಚ್ಚು ಹಿರಿಯರನ್ನು ಕಳೆದುಕೊಂಡಿದ್ದೇನೆ.

ನೆಗಡಿಗೆ ಲಸಿಕೆಯಿಲ್ಲ. ನೆಗಡಿ ತರುವ ವೈರಾಣುಗಳ ಪೈಕಿ ರೈನೊವೈರಸ್ ಒಂದರಲ್ಲಿಯೇ 150ಕ್ಕೂ ಹೆಚ್ಚು ಬಗೆಗಳಿವೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಶಿಶುಗಳಲ್ಲಿ ಕಂಡುಬಂದು ಎಲ್ಲರನ್ನೂ ಗಾಬರಿಗೊಳಿಸಿದ, ನೆಗಡಿ–ಕೆಮ್ಮು ತರುವ ಎಚ್‌ಎಂಪಿವಿ ಎಂಬ ವೈರಾಣುವಿಗೂ ಲಸಿಕೆಯಿಲ್ಲ. 2001ರಲ್ಲಿಯೇ ಗುರುತಿಸಲ್ಪಟ್ಟ ವೈರಾಣು ಅದು. ಇವೆಲ್ಲಕ್ಕೂ ಮೇಲಿನವರು ಹೇಳಿದ ಕಿಟಕಿ, ಮಾಸ್ಕ್, ಸೋಪುಗಳೇ ಗತಿ.

ಮಗಳನ್ನು ತಾತನಿಂದ ದೂರವಿಡಬೇಡಿ. ಶಾಲೆಯಿಂದ ಬಂದ ಮೇಲೆ ಕೈಮುಖ ತೊಳೆದು ಸಮವಸ್ತ್ರ ಬದಲಿಸಿ ಹೋಗಲಿ. ಒಂದೇ ತಟ್ಟೆಯಲ್ಲಿ ತಿನ್ನುವುದೊಂದನ್ನು ಬಿಡಿಸಿ. ಅವಳಿಗೆ ಮೂಗು ಸೋರುತ್ತಿರುವ ದಿನಗಳಲ್ಲಿ ಮಾತ್ರ ಕಥೆ ಹೇಳುವುದು, ಕೇಳುವುದು ಜಗಲಿಯಲ್ಲಿ ನಡೆಯಲಿ. ನಿಮಗೆ ಲಕ್ಷಣ ಕಂಡ ದಿನವೇ ಮನೆಯೊಳಗೂ ಮಾಸ್ಕ್ ಹಾಕಿಕೊಳ್ಳಿ, ಬೇರೆ ಕೋಣೆಯಲ್ಲಿ ಮಲಗಿ, ಅವರ ಕೋಣೆಯ ಕಿಟಕಿ ತೆರೆದಿರಲಿ, ಟವೆಲು ಬೇರೆಯಿರಲಿ. ತಂದೆಯವರಿಗೆ ಜ್ವರವೋ, ಎಂದಿಗಿಂತ ಹೆಚ್ಚಿನ ಉಬ್ಬಸವೋ, ಕಫದ ಬಣ್ಣದಲ್ಲಿ ಬದಲಾವಣೆಯೋ ಕಂಡರೆ ನಾಳೆಗೆ ಮುಂದೂಡಬೇಡಿ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಮೊದಲ 48 ಗಂಟೆಗಳೊಳಗೆ ಶುರುವಾದರೆ ಹೆಚ್ಚು ಫಲಕಾರಿ. ಅದನ್ನು ವೈದ್ಯರೇ ಬರೆದುಕೊಡಬೇಕು. ಔಷಧದ ಅಂಗಡಿಯಲ್ಲಿ ಕೇಳಿ ತರುವ ಆಂಟಿಬಯೋಟಿಕ್ ವೈರಾಣುವಿನ ಮೇಲೆ ಏನೂ ಮಾಡುವುದಿಲ್ಲ. ಮನೆಯಲ್ಲಿ ಆಮ್ಲಜನಕದ ಯಂತ್ರವಿದ್ದರೆ ಅದರ ಪ್ರಮಾಣವನ್ನು ನೀವಾಗಿಯೇ ಏರಿಸಬೇಡಿ, ಸಿಒಪಿಡಿಯಲ್ಲಿ ಅದೂ ಅಪಾಯ. ಅವರನ್ನು ತಪಾಸಣೆಗೆ ಕರೆದೊಯ್ಯುವಾಗಲೂ ಎಚ್ಚರವಿರಲಿ. ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕೆಮ್ಮುವವರ ನಡುವೆ ಒಂದು ಗಂಟೆ ಕೂರುವುದು ಮೆಟ್ರೊಗಿಂತ ಕಡಿಮೆಯಲ್ಲ. ಮೊದಲೇ ಸಮಯ ಗೊತ್ತುಮಾಡಿಕೊಂಡು, ಸರದಿ ಬರುವವರೆಗೆ ಹೊರಗೆ ಕುಳಿತಿರಿ.

ಮದುವೆಗೆ ಕರೆದುಕೊಂಡು ಹೋಗಿ. ಮೊಮ್ಮಗನ ಧಾರೆಯನ್ನು ನೋಡುವ ಸಂತೋಷವನ್ನು ಅವರಿಂದ ಕಸಿದುಕೊಳ್ಳುವಂತಹ ಕಾಯಿಲೆ ಇದಲ್ಲ. ಆದರೆ ಹಿಂದಿನ ಸಂಜೆಯ ಆರತಕ್ಷತೆಯನ್ನು ಬಿಡಿ. ಮುಚ್ಚಿದ ಸಭಾಂಗಣದಲ್ಲಿ ನೂರಾರು ಜನ ಸಾಲುಗಟ್ಟಿ ಬಂದು ಹಿರಿಯರ ಕೈ ಹಿಡಿದು ಮುಖದ ಹತ್ತಿರ ಬಾಗಿ ಮಾತನಾಡುವುದು ಆಗಲೇ. ಮುಹೂರ್ತಕ್ಕೆ ಅರ್ಧ ಗಂಟೆ ಮೊದಲು ತಲುಪಿ, ಪಕ್ಕದ ಬಾಗಿಲ ಬಳಿ, ಹವಾನಿಯಂತ್ರಕಕ್ಕಿಂತ ಹೊರಗಾಳಿಗೆ ಹತ್ತಿರವಾಗಿ ಅವರ ಕುರ್ಚಿ ಹಾಕಿಸಿ. ಅವರಿಗೆ ಎನ್-95 ಕಟ್ಟಿಕೊಂಡರೆ ಉಸಿರು ಕಟ್ಟಿದಂತಾಗಬಹುದು. ಆಗ ಸಾಮಾನ್ಯ ಸರ್ಜಿಕಲ್ ಮಾಸ್ಕ್ ಸಾಕು, ಸುತ್ತಲಿನ ನೀವೆಲ್ಲ ಒಳ್ಳೆಯದನ್ನು ಹಾಕಿಕೊಳ್ಳಿ. ಊಟ ಮೊದಲ ಪಂಕ್ತಿಯಲ್ಲಿಯೇ ಆಗಲಿ, ಇಲ್ಲವೇ ಎಲೆಯನ್ನು ಹೊರಗೆ ತರಿಸಿ. ನೆಗಡಿಯಿರುವ ನೆಂಟರು ಹತ್ತಿರ ಬಾರದಂತೆ ನಿಮ್ಮ ಅಕ್ಕನವರೇ ಮೊದಲೇ ಹೇಳಿಡುವುದು ಒಳ್ಳೆಯದು. ಆ ಹೊತ್ತಿನಲ್ಲಿ ನೀವು ಹೇಳಿದರೆ ಮುನಿಸಾಗುತ್ತದೆ.

ಪ್ರಶ್ನೆ ಕೇಳಿದವರಿಂದ: ಕೆಂಗೇರಿಯ ಓದುಗಿ

ಡಾಕ್ಟರ್ ಮೇಡಂ, ನಿನ್ನೆ ಮೂವರಿಗೂ ಲಸಿಕೆ ಹಾಕಿಸಿದೆ. ನ್ಯೂಮೊಕಾಕಲ್ ಲಸಿಕೆಯನ್ನು ಬೇರೆ ದಿನ ಕೊಡುವುದಾಗಿ ಅಪ್ಪನ ವೈದ್ಯರು ಹೇಳಿದ್ದಾರೆ. ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಓದಿ ಹೇಳಿದೆ; ಮಂಟಪದ ಪಕ್ಕದ ಅಂಗಳದಲ್ಲಿ ಚಪ್ಪರ ಹಾಕಿಸಿ ಹಿರಿಯರಿಗೆಲ್ಲ ಅಲ್ಲಿಯೇ ಕುರ್ಚಿ ಇಡಿಸುವುದಾಗಿ ಒಪ್ಪಿಕೊಂಡಳು. ಕಚೇರಿಯಲ್ಲಿ ರಜೆಯ ವಿಷಯವನ್ನು ಸೋಮವಾರ ಎತ್ತುತ್ತೇನೆ. ಆಶೀರ್ವಾದ ಮಾಡುವಾಗಲಾದರೂ ಮಾಸ್ಕ್ ತೆಗೆಯಬಹುದೇ ಎಂದು ಅಪ್ಪ ರಾತ್ರಿ ಕೇಳಿದರು. ಮದುಮಕ್ಕಳು ಚಪ್ಪರಕ್ಕೇ ಬಂದು ನಮಸ್ಕಾರ ಮಾಡುತ್ತಾರೆ, ಅಲ್ಲಿ ತೆಗೆಯಬಹುದು ಎಂದು ಹೇಳಿದ್ದೇನೆ.